ಸೆಮಿಫೈನಲ್‌ನಲ್ಲಿ ತಂಗಿಯ ಕಾಲು ಮುರಿದ ಬಗ್ಗೆ ಅಕ್ಕನ ಹೇಳಿಕೆ

ತಂಡದಲ್ಲಿ ಎಲ್ಲರೂ ‘ಗೂಟ’ ಎಂದು ಕರೆಯುವ ನಾನು, ವಯಸ್ಸು 31 ವರ್ಷ, ಬಸ್ ಡಿಪೋದ ಟೈರ್ ವಿಭಾಗದಲ್ಲಿ ಸಹಾಯಕಿ, ಡಿಪೋ ಹಿಂದಿನ ನೌಕರರ ವಸತಿಗೃಹದ ವಾಸಿ, ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ,

ಪ್ರಾದೇಶಿಕ ಕ್ರೀಡಾಕೂಟದ ಮಹಿಳಾ ಕಬಡ್ಡಿಯಲ್ಲಿ ನಾನು ನಮ್ಮ ತಂಡದ ಎಡ ಕಾರ್ನರ್ ಆಟಗಾರ್ತಿ. ಎದುರು ತಂಡದ ಮುಖ್ಯ ರೈಡರ್ ನನ್ನ ಒಡಹುಟ್ಟಿದ ತಂಗಿ. ಮೊದಲು ನಮ್ಮ ತಂಡದಲ್ಲೇ ಇದ್ದಳು. ಮದುವೆಯಾದ ಮೇಲೆ ಗಂಡನ ಊರಿನ ತಂಡ ಸೇರಿದಳು. ಅದಕ್ಕೆ ನಾನು ಎಂಟು ತಿಂಗಳಿಂದ ಅವಳೊಂದಿಗೆ ಮಾತು ಬಿಟ್ಟಿದ್ದೆ. ಆ ಸಿಟ್ಟಿನಿಂದಲೇ ಬೇಕಂತ ಅವಳ ಕಾಲು ಮುರಿದೆ ಎಂದು ಅವಳ ಗಂಡ ದೂರು ಕೊಟ್ಟಿದ್ದಾರೆ. ಮಾತು ಬಿಟ್ಟಿದ್ದು ನಿಜ. ಉಳಿದದ್ದು ನಿಜವಲ್ಲ.

ಬೆಳಿಗ್ಗೆ ಅದೇ ಹಾಲ್‌ನಲ್ಲಿ ವೇಟ್‌ಲಿಫ್ಟಿಂಗ್ ಇತ್ತು. ಮಧ್ಯಾಹ್ನ ತರಾತುರಿಯಲ್ಲಿ ಕಬಡ್ಡಿ ಮ್ಯಾಟ್ ಜೋಡಿಸಿದ್ದರು. ಎರಡೂವರೆಗೆ ಸೆಮಿಫೈನಲ್ ಶುರುವಾಯಿತು. ದ್ವಿತೀಯಾರ್ಧದಲ್ಲಿ ನನ್ನ ಪಕ್ಕದಲ್ಲಿ ಎರಡು ಮ್ಯಾಟ್ ತುಂಡುಗಳ ನಡುವೆ ಅಂಗೈ ಅಗಲ ಸಂದು ಬಿಟ್ಟಿದ್ದನ್ನು ನೋಡಿ, ಕೆಳಗಿನ ಸಿಮೆಂಟ್ ಕಾಣುತ್ತಿದೆ ಎಂದು ಅಂಪೈರ್‌ಗೆ ತೋರಿಸಿದೆ. ಅವರು, “ಇದೊಂದು ಆಟ ಮುಗೀಲಿ ತಾಯಿ, ಆಮೇಲೆ ನೋಡೋಣ” ಎಂದರು. ನಾನೇ ಕಾಲಿನಿಂದ ಒತ್ತಿ ಮುಚ್ಚಿದೆ. ಅದು ಮತ್ತೆ ಬಾಯಿ ಬಿಟ್ಟಿತು.

ಎರಡೂ ತಂಡಗಳ ಅಂಕ ಸಮವಾಗಿದ್ದಾಗ ತಂಗಿ ರೈಡ್‌ಗೆ ಬಂದಳು. ಬೋನಸ್ ಗೆರೆಯ ಕಡೆ ಕಾಲು ಚಾಚುವ ಮುಂಚೆ ಅವಳು ಭುಜ ಕುಣಿಸುತ್ತಾಳೆ. ಅದನ್ನು ಕಲಿಸಿದವಳು ನಾನೇ. ಭುಜ ಕುಣಿಯಿತು, ನಾನು ಬಿದ್ದು ಅವಳ ಎಡ ಪಾದದ ಗಂಟು ಹಿಡಿದು ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದೆ. ಆಗ ನನ್ನ ತಲೆಯಲ್ಲಿ ಆ ಸಂದಿನ ನೆನಪೇ ಇರಲಿಲ್ಲ. ಅವಳು ಊರಿದ್ದ ಬಲಗಾಲು ಅದರಲ್ಲಿ ಸಿಕ್ಕಿಕೊಂಡಿತ್ತು. ಮೈ ತಿರುಗಿತು, ಆ ಕಾಲು ತಿರುಗಲಿಲ್ಲ. ಶಬ್ದ ಕೇಳಿ, ಮ್ಯಾಟ್ ಹರಿಯಿತೆಂದುಕೊಂಡೆ.

ಬಿಡು ಎಂದ ಮೇಲೂ ನಾನು ಹಿಡಿದೇ ಇದ್ದೆ ಎಂದು ದೂರಿನಲ್ಲಿದೆಯಂತೆ. ರೈಡರ್ ಉಸಿರು ಕಟ್ಟಿ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಇರಬೇಕು, ಬೇರೆ ಮಾತಾಡಿದರೆ ಔಟ್. ಪ್ರಾಣ ಹೋದರೂ ಅದನ್ನು ನಿಲ್ಲಿಸುವವಳಲ್ಲ ಅವಳು. ಅಂಥವಳು ಕಬಡ್ಡಿ ಬಿಟ್ಟು, “ಅಕ್ಕಾ, ಬಿಡು” ಎಂದಳು. ಎಂಟು ತಿಂಗಳ ಮೇಲೆ ಅಕ್ಕಾ ಎಂದದ್ದು ಆಗಲೇ. ಕೂಡಲೇ ಬಿಟ್ಟೆ. ಅಂಪೈರ್ ಸೀಟಿ ಊದಿ ಅಂಕವನ್ನು ನಮ್ಮ ತಂಡಕ್ಕೆ ಕೊಟ್ಟರು. ನಮ್ಮವರು ಚಪ್ಪಾಳೆ ತಟ್ಟಿದರು, ಆಮೇಲೆ ನಿಲ್ಲಿಸಿದರು.

ಅವಳನ್ನು ಸ್ಟ್ರೆಚರ್‌ನಲ್ಲಿ ಒಯ್ದ ಮೇಲೆ, ಕಳಚಿ ಬಿದ್ದಿದ್ದ ಅವಳ ಶೂ ತೆಗೆದುಕೊಳ್ಳಲು ಒಳಗೆ ಹೋದೆ. ಅಷ್ಟರಲ್ಲಿ ಇಬ್ಬರು ಕೆಲಸಗಾರರು ಸಂದಿನ ಮೇಲೆ ಟೇಪ್ ಅಂಟಿಸುತ್ತಿದ್ದರು. ಹೊರಗೆ ನಮ್ಮ ಕೋಚ್, “ಅವಳದ್ದೇ ಕಾಲು ಜಾರ್ತು ಅಂತ ಹೇಳಿಬಿಡು. ನಿನಗೂ ಒಳ್ಳೇದು, ಎಲ್ಲರಿಗೂ ಒಳ್ಳೇದು” ಎಂದರು. ನಾನು ಶೂ ಹಿಡಿದು ನೇರ ಆಸ್ಪತ್ರೆಗೆ ಹೋದೆ.

ಆಸ್ಪತ್ರೆಯಲ್ಲಿ ತಂಗಿಯ ಗಂಡ ಬಾಗಿಲಿಗೆ ಅಡ್ಡ ನಿಂತು, ಮುರಿದಿದ್ದು ಸಾಲದೆ ನೋಡೋಕೂ ಬಂದ್ಯಾ ಎಂದು ಕೇಳಿದರು. ತಂಗಿಯೇ ಒಳಗಿನಿಂದ ಕೂಗಿ ಕರೆಸಿಕೊಂಡಳು. ಮೊಣಕಾಲ ಕೆಳಗೆ ಎರಡೂ ಮೂಳೆ ಮುರಿದಿವೆ, ವಾಸಿಯಾದ ಮೇಲೆ ನಡೆಯುತ್ತಾಳೆ, ಆಡುವ ಮಾತು ಈಗ ಬೇಡ ಎಂದು ಡಾಕ್ಟರ್ ಹೇಳಿದರು. ಅವರು ಹೋದ ಮೇಲೆ ತಂಗಿ, “ನಾನು ಅಂತ ನೋಡಿ ಹಿಡೀದೆ ಬಿಟ್ಟಿದ್ರೆ, ನಾನೇ ನಿನ್ನ ಹತ್ರ ಮಾತು ಬಿಡ್ತಿದ್ದೆ ಕಣೆ” ಎಂದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ಅತ್ತಳು. ಶೂ ಮಂಚದ ಕೆಳಗಿಟ್ಟು ಬಂದೆ.

ಕಾಲು ಜಾರಿತು ಎಂದು ದಯವಿಟ್ಟು ಬರೆಯಬೇಡಿ. ಜಾರಲಿಲ್ಲ. ನಾನು ಎಳೆದೆ, ಮ್ಯಾಟ್ ಬಿಡಲಿಲ್ಲ, ಎರಡೂ ಬರೆಯಿರಿ. ನಾಳೆ ಹತ್ತು ಗಂಟೆಗೆ ಅದೇ ಮ್ಯಾಟ್ ಮೇಲೆ ನಮ್ಮ ತಂಡದ ಫೈನಲ್ ಇದೆ. ಅದಕ್ಕೆ ಮುಂಚೆ ಯಾರಾದರೂ ಹೋಗಿ ಆ ಟೇಪ್ ಕಿತ್ತು ನೋಡಬೇಕೆಂದು ಕೋರುತ್ತೇನೆ. ನಾನು ಆಡುವುದಿಲ್ಲ. ನನ್ನ ಜಾಗದಲ್ಲಿ ನಿಲ್ಲುವವಳಿಗೆ ಈಗಷ್ಟೇ ಹತ್ತೊಂಬತ್ತು ತುಂಬಿದೆ.

ಇದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಯಾರ ಒತ್ತಡಕ್ಕೂ ಮಣಿದು ಹೇಳಿದ್ದಲ್ಲ.

ಸ್ಥಳ: ಆಸ್ಪತ್ರೆಯ ಪೊಲೀಸ್ ಹೊರಠಾಣೆ
ದಿನಾಂಕ: ಕ್ರೀಡಾಕೂಟದ ನಾಲ್ಕನೇ ದಿನ, ಸಂಜೆ 7.15
ಸಹಿ: (ಬಲಗೈ ಬೆರಳು ಊದಿರುವುದರಿಂದ ಎಡಗೈಯಲ್ಲಿ ಮಾಡಿದ್ದು)