ಹೊಡೆದವರು ಎಷ್ಟು ಜನ?

ಅಲ್ಲ, ಏಟು ತಿಂದಿದ್ದು ಒಂದು ಕಷ್ಟ ಕಣ್ರೇ, ಅದನ್ನ ಹಿಂದಿಯಲ್ಲಿ ಹೇಳೋದಿತ್ತಲ್ಲ, ಅದು ಇನ್ನೊಂದು ಕಷ್ಟ. ಏನಂದೆ? ಮೌಸಿ ಅಲ್ಲ, ಚಿಕ್ಕಮ್ಮ ಅನ್ನು. ಕಾಶಿಯ ಅಸ್ಸಿಯಲ್ಲಿ ಹುಟ್ಟಿದ ಮಾತ್ರಕ್ಕೆ ನಿಮ್ಮಮ್ಮನ ತಂಗಿ ಮೌಸಿ ಆಗಿಬಿಡ್ತಾಳಾ? ಹಾಂ, ಎಲ್ಲಿದ್ದೆ? ನಿಮ್ಮ ಚಿಕ್ಕಪ್ಪ ನನ್ನನ್ನ ಬಂಗಾಲಿ ಟೋಲಾದ ಮನೆಯಿಂದ ಆಚೆ ತಳ್ಳಿ ಬಾಗಿಲು ಹಾಕ್ಕೊಂಡ್ರು. ಹಾಕ್ಕೊಂಡ್ರು, ನೋಡಿ, ಈಗಲೂ ಬಾಯಿಗೆ ಬರೋದು ಬಹುವಚನಾನೇ! ಇರಲಿ. ಕೆಳಗಿನ ರೂಮುಗಳಲ್ಲಿ ನಮ್ಮ ಕರ್ನಾಟಕದ ಯಾತ್ರಿಕರನ್ನ ಇಳಿಸ್ಕೊಂಡು ಊಟ ಹಾಕ್ತಿದ್ವಲ್ಲ, ಅವತ್ತು ಯಾರೋ ಒಬ್ಬರು ಸಾರು ಸಪ್ಪೆ ಅಂದ್ರಂತೆ. ಅಷ್ಟಕ್ಕೇ ನನ್ನನ್ನ ಹೊಡೆದು, ಕೈ ತಿರುಚಿ ಮುರಿದಿದ್ದು. ಅದೂ ಮೊದಲನೇ ಸಲ ಏನಲ್ಲ. ಊದಿದ ಕೈ ಹಿಡ್ಕೊಂಡು, ಬರಿಗಾಲಲ್ಲಿ ಸೋನಾರ್‌ಪುರದವರೆಗೆ ನಡೆದು, ಇ-ರಿಕ್ಷಾ ಹತ್ತಿ ಇಲ್ಲಿಗೆ ಬಂದೆ. ನಿಮ್ಮಮ್ಮ ನೋಡಿದವಳೇ, "ಅಳೋದು ಆಮೇಲೆ, ಮೊದಲು ಠಾಣೆಗೆ ನಡಿ" ಅಂದ್ಳು.

ಠಾಣೆಯಲ್ಲಿ ಮಹಿಳಾ ಪೊಲೀಸು ಕೇಳಿದ್ಲು, "ಬತಾಯಿಯೇ, ಕ್ಯಾ ಹುವಾ?" ನಾನು ಮೈಸೂರಲ್ಲಿ ಕನ್ನಡ ಎಂ.ಎ. ಮಾಡಿದವಳು, ವ್ಯಾಕರಣದಲ್ಲಿ ತರಗತಿಗೇ ಮೊದಲು. ಏನಂದೆ ಗೊತ್ತಾ? "ವೋ ಲೋಗ್ ಮಾರೇ." ಗಂಡನ್ನ ನಾವು ಅವರು ಅಂತೀವಲ್ಲ, ಅವರು ಹೊಡೆದರು ಅಂತ, ಅದನ್ನೇ ಹೊತ್ಕೊಂಡು ಹೋಗಿ ಹಿಂದಿಯಲ್ಲಿ ಇಳಿಸಿದೆ. ನಮ್ಮ ಮೈಸೂರು ಹಿಂದಿಯಲ್ಲಿ ಮರ್ಯಾದೆ ಕೊಡಬೇಕಂದ್ರೆ ಒಂದು ಲೋಗ್ ಸೇರಿಸೋದು, ಅಷ್ಟೇ. ಅವಳಿಗೆ ಅದು ಒಂದು ಗುಂಪು. "ವೋ ಲೋಗ್? ಸಾಸ್-ಸಸುರ್ ಭೀ?" ಅಂದ್ಲು. ಮನೆಯಲ್ಲಿ ಅತ್ತೆ ಮಾವ ಇದಾರಾ ಅಂತ ಕೇಳ್ತಿದಾಳೆ ಅಂದ್ಕೊಂಡು, ಮಾವನವರು ಫೋಟೋದಲ್ಲಾದ್ರೂ ಇದಾರಲ್ಲ ಅಂತ, ಅಳ್ತಾ ಅಳ್ತಾ ತಲೆ ಆಡಿಸಿಬಿಟ್ಟೆ. ಬರೆದೇ ಬರೆದ್ಲು, ಗಂಡ, ಅತ್ತೆ, ಮಾವ ಮೂವರೂ ಸೇರಿ ಹೊಡೆದರು ಅಂತ! ಮಾವನವರ ಫೋಟೋಗೆ ಹಾರ ಬಿದ್ದು ಯಾವ ಕಾಲ ಆಯ್ತೋ. ಅತ್ತೆಗೆ ಕಣ್ಣು ಕಾಣಲ್ಲ, ಬಚ್ಚಲಿಗೆ ಹೋಗಬೇಕಂದ್ರೂ ನನ್ನ ಕೈ ಹಿಡೀಬೇಕು.

ಆಮೇಲೆ ಕಚೆಹರಿ, ಅಂದ್ರೆ ಕೋರ್ಟು. ನನ್ನ ವಕೀಲೆ, ದೀದಿ ಅಂತಿದ್ದೆ ಅವರನ್ನ, ಧೈರ್ಯ ಹೇಳಿದ್ರು. "ಕಾನೂನು ಈಗ ಮೊದಲಿನ ಹಾಗಿಲ್ಲ. ಮನೆ ಅತ್ತೆ ಹೆಸರಲ್ಲಿದ್ರೂ ಸೊಸೆಗೆ ಅಲ್ಲಿ ಇರೋ ಹಕ್ಕಿದೆ. ಆದ್ರೆ ದೂರೇ ಸುಳ್ಳು ಅಂತ ಅನ್ನಿಸಿಬಿಟ್ರೆ ನಿಮಗೆ ಆ ಬಾಗಿಲು ತೆರೆಯಲ್ಲ" ಅಂತಲೂ ಅಂದ್ರು. ಅವರ ಕಡೆ ವಕೀಲ ಎದ್ದು ನಿಂತ, ಬಾಯಲ್ಲಿ ಪಾನಿನ ವಾಸನೆ. "ಹುಜೂರ್, ಕಾಶಿಯಲ್ಲಿ ಸತ್ತವರಿಗೆ ಮೋಕ್ಷ ಸಿಗುತ್ತೆ ಅಂತ ಕೇಳಿದ್ದೆ. ಈ ತಾಯಿ ಸಮನ್ಸ್ ಕೊಡಿಸ್ತಿದಾರೆ!" ಎಲ್ಲರೂ ನಕ್ಕರು. ಜಡ್ಜ್ ಸಾಹೇಬರೂ ನಕ್ಕರು. ನನಗೆ ಮೈಯೆಲ್ಲ ಉರೀತು. ಈ ಊರಲ್ಲಿ ಒಬ್ಬನೇ ನಿಂತು ಟೀ ಕುಡಿಯೋನೂ "ಹಮ್" ಅಂತಾನೆ, ನಾವು ಅಂತ. ಅವನನ್ನ ಯಾರಾದ್ರೂ ನೀವು ಎಷ್ಟು ಜನ ಅಂತ ಕೇಳ್ತಾರಾ? ನನ್ನ "ಅವರು" ಅನ್ನೋ ಮಾತಿಗೆ ಮಾತ್ರ ತಲೆ ಎಣಿಸಿದ್ರು.

"ಸಾಫ್ ಬತಾಯಿಯೇ, ಕಿಸ್‌ನೇ ಮಾರಾ?" ಅಂದ್ರು ಜಡ್ಜು, ಹೊಡೆದಿದ್ದು ಯಾರು ಅಂತ. "ಉನ್ ಲೋಗ್..." ಅಂತ ಶುರು ಮಾಡ್ದೆ. ದೀದಿ ನನ್ನ ಸೆರಗು ಎಳೆದ್ರು, "ಅರೇ, ಒಬ್ಬನೇ ತಾನೆ? ಉಸ್‌ನೇ ಬೋಲಿಯೇ!" ನಾಲಿಗೆ ಹೊರಳ್ತಾನೇ ಇಲ್ಲ. ಅವನು ಅನ್ನೋಕೆ ಆಗ್ತಿಲ್ಲ ನನಗೆ, ಕೈ ಮುರಿಸ್ಕೊಂಡವಳಿಗೆ! ಕೊನೆಗೆ ಬೆರಳು ತೋರಿಸಿದೆ. "ಇಸ್‌ನೇ. ಇಸೀ ಆದ್ಮೀ ನೇ." ಇವನೇ, ಇದೇ ಮನುಷ್ಯ ಅಂತ. ಅಷ್ಟೊತ್ತು ಹೊಡೆದೆ ಅನ್ನೋ ಆಪಾದನೆ ಕೇಳಿಸ್ಕೊಂಡು ಸುಮ್ನೆ ಕೂತಿದ್ದ ಮಹಾನುಭಾವ ಆಗ ಎದ್ದ. ಕನ್ನಡದಲ್ಲಿ. "ಏಯ್! ಯಾರಿಗೇ ಏಕವಚನ? ಮನೆಗೆ ಬಾ, ಇನ್ನೊಂದು ಕೈನೂ ಮುರೀತೀನಿ!" ಜಡ್ಜಿಗೆ ಕನ್ನಡ ಎಲ್ಲಿ ಬರ್ಬೇಕು? ದುಭಾಷಿ ಬೇಕಾಗ್ಲಿಲ್ಲ. ಎತ್ತಿದ ಕೈ ಹಿಂದಿಯಲ್ಲೇ ಇತ್ತು.

ಚಪ್ಪಾಳೆ ಹೊಡೀಬೇಡಿ, ಗೆದ್ದೆ ಅಂದ್ಕೋಬೇಡಿ. ಇರೋಕೆ ಆ ಮನೆಯಲ್ಲೇ ಮೇಲಿನ ಒಂದು ರೂಮು ಸಿಕ್ತು, ಅಷ್ಟೇ. ಅತ್ತೆ ಗೋಡೆ ತಡವ್ಕೊಂಡು ಬಂದು, "ಬಂದ್ಯಾ? ನಾನೂ ಹೊಡೆದೆ ಅಂತ ಬರೆಸಿದ್ಯಂತೆ?" ಅಂದ್ರು. ಅವರ ಕೈ ಹಿಡಿದು ಬಚ್ಚಲಿಗೆ ಕರ್ಕೊಂಡು ಹೋದೆ. ಆಮೇಲೆ ನಾನು ಹಾಕಿದ ವಿಚ್ಛೇದನದ ಕೇಸಂತೂ ತಾರೀಖಿನ ಮೇಲೆ ತಾರೀಖು, ಇನ್ನೂ ಎಳೀತಾನೇ ಇದೆ. ಇಷ್ಟು ವರ್ಷ ನಾನು ಬೇಯಿಸಿ ಹಾಕಿ ಬೆಳೆಸಿದ ಲಾಡ್ಜಿನಲ್ಲಿ ನಂದೇನು ಪಾಲು ಅಂತ ಕೇಳಿದ್ರೆ, ದೀದಿ ನಿಟ್ಟುಸಿರು ಬಿಟ್ಟು, "ಇರೋ ಹಕ್ಕಿದೆ, ಪಾಲಿಲ್ಲ. ಮನೆ ಅತ್ತೆಯದು, ಧಂಧಾ ಗಂಡನದು" ಅಂದ್ರು. "ಮತ್ತೆ ನಾನು ಮಾಡಿದ ಸಾರು?" ಅಂದೆ. "ಸಾರಿಗೆ ಇನ್ನೂ ಕಾನೂನು ಬಂದಿಲ್ಲ." ಅದಕ್ಕೇ ಹೇಳ್ತೀನಿ, ಗಂಡನಿಗೆ ಮರ್ಯಾದೆ ಕೊಡಿ, ಬೇಡ ಅನ್ನಲ್ಲ, ಊಟಕ್ಕೆ ಬನ್ನಿ ಅಂತಲೇ ಕರೀರಿ. ಆದ್ರೆ ಕೈ ಎತ್ತಿದವನನ್ನ ಅವನು ಅನ್ನೋಕೆ ನಾಲಿಗೆನ ಮನೆಯಲ್ಲೇ ಪಳಗಿಸ್ಕೊಳ್ಳಿ. ಕಚೆಹರಿಗೆ ಹೋಗಿ ಕಲಿಯೋ ವ್ಯಾಕರಣ ಬಹಳ ದುಬಾರಿ.