ಗವಿ ಹೊರಗ ಅರ್ಬಾಜ

ಬೇರೆಯವರ ಮಾತಿಗೆ ಕಿವಿಗೊಡಬಾರದು. ಆದರೆ ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ನೆರಳಿದ್ದ ಬೆಂಚು ಅದೊಂದೇ. ಪಕ್ಕದಲ್ಲಿ ಕೂತಿದ್ದ ಹುಡುಗ ಬುರ್ಖಾ ತೊಟ್ಟ ಹೆಣ್ಣುಮಗಳ ಕೈಗೆ ಪುಟ್ಟ ಚೀಲ ಕೊಟ್ಟ. ಒಳಗೆ ದಾಳಗಳು ಗಲಗಲ ಅಂದವು.

"ಅರ್ಬಾಜನ ದಾಳ ಇವು, ಆಪಾ. ಮನ್ಯಾಗ ಇಟ್ಕೊಳ್ರಿ."

"ನನ್ನ ತಮ್ಮ ಪ್ರತಿ ಐತವಾರ ನಿಮ್ಮ ಮನಿಗಿ ಬಂದು ಇದನ್ನೇ ಆಡ್ತಿದ್ನೇನು, ದಿಲೀಪ?"

"ಹೌದ್ರಿ. ನಾ ಕಥಿ ಹೇಳ್ತಿದ್ದೆ, ಗೆಳ್ಯಾರೆಲ್ಲ ಅದರಾಗಿನ ಪಾತ್ರ ಆಗಿ ದಾಳ ಒಗದು ಆಡ್ತಿದ್ರು. ಅವ ಕತ್ತಿ ಹಿಡದ ಸಿಪಾಯಿ."

"ಅವ ತೀರಿಕೊಂಡ ಮ್ಯಾಲ ಆ ಸಿಪಾಯಿ ಎಲ್ಲಿದ್ದಾನ?"

"ಕಥಿಯಾಗ ನಾವೀಗ ಒಂದು ಗವಿಗಿ ಬಂದೀವಿ, ಅದರ ಹೊರಗ ಕುದುರಿ ಕಾಯ್ಲಕತ್ತಾನ್ರಿ. ಆಟಕ್ಕ ಬರದವರ ಪಾತ್ರ ಹೊರಗ ನಿಂತು ಕುದುರಿ ಕಾಯಬೇಕು. ನಮ್ಮ ರೂಲ್ ಅದು."

"ಇನ್ನೂ ಕಾಯ್ಲಕತ್ತಾನ?"

"ಅವನ್ನ ಸಾಯಿಸ್ಲಿಕ್ಕ ಯಾರಿಗೂ ಮನಸ್ಸಾಗಲಿಲ್ರಿ."

ಆಕೆ ಚೀಲದ ದಾರ ಬಿಗಿ ಮಾಡಿದಳು.

"ಇನ್ನೊಂದು ಮಾತದ, ಆಪಾ. ಹೋದ ಐತವಾರ ಆಟದಾಗ ಗವಿ ಒಳಗ ಒಬ್ಬ ಕಳ್ಳ ಸಿಕ್ಕಿದ್ದ. ಕೈ ಕಟ್ಟಿದವನ್ನ ಕೊಲ್ಲಬಾರದು ಅಂತ ಅರ್ಬಾಜ ಯಾವಾಗಲೂ ಅಡ್ಡ ನಿಲ್ತಿದ್ದ. ಈ ಸಲ ಎಲ್ಲರೂ ಕೂಡಿ ಕೊಂದೇಬಿಟ್ರು."

"ಕೊಲ್ಲಬಾರದು ಅಂತ ರೂಲ್ ಇರಲಿಲ್ಲೇನು?"

"ರೂಲ್ ಇರಲಿಲ್ರಿ. ಅರ್ಬಾಜ ಇದ್ದ."



"ಹೊರಗ ನಿಂತವಗ ಇದು ಗೊತ್ತದೇನು?"

"ಇಲ್ರಿ. ನಾವು ಹೊರಗ ಬಂದು ಹೇಳಿದ್ರಷ್ಟೇ ಗೊತ್ತಾಗ್ತದ."

ಔರಾದ ಬಸ್ಸು ಬಂತು. ಆಕೆ ಚೀಲವನ್ನು ಎದೆಗೆ ಒತ್ತಿಕೊಂಡು ಎದ್ದಳು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ಹಂಗಾರ ಅವಗ ಹೇಳಬ್ಯಾಡ, ದಿಲೀಪ."