ಅಧ್ಯಕ್ಷರು ಕರದಾರ್ರಿ

ಈ ಸಭೆಯ ಅಧ್ಯಕ್ಷತೆ ವಹಿಸಿದ ನಮ್ಮ ಶಾಲೆಯ ಹಿರಿಯ ಗುರುಗಳಾದ ವಿರುಪಾಕ್ಷಪ್ಪನವರೇ, ಸೊಸಾಯಿಟಿಯ ಚೇರಮನ್ನರೇ, ಅಥಣಿಯಿಂದ ಬಂದೇ ಬರುತ್ತೇನೆಂದು ಹೇಳಿ ಇನ್ನೂ ಬಾರದ ಮುಖ್ಯ ಅತಿಥಿಗಳೇ, ತಾಯಂದಿರೇ, ಸಭಿಕರೇ. ಇವತ್ತಿನ ಸನ್ಮಾನಿತರು, ನಮ್ಮ ಗ್ರಾಮ ಪಂಚಾಯತಿಯ ಅಧ್ಯಕ್ಷರು, ಶ್ರೀಮತಿ ಲಗಮವ್ವ ಮಲಕಾರಿ ತಳವಾರ ಅವರೇ ಎಂದೂ ಹೇಳಬೇಕು. ಆದರೆ ಅವರ ಕುರ್ಚಿ ಖಾಲಿ ಐತಿ. ಅಲ್ಲಿ ಬಾಗಿಲ ಹತ್ತಿರ ನಿಂತು ಬಂದವರನ್ನೆಲ್ಲ ಕೂಡ್ರಸಾಕತ್ತಾರ. ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ ಅಂತಾರಲ್ಲ, ಹಂಗ.

ಅವರ ಅವಧಿ ಮುಗಿಯುತ್ತ ಬಂತು. ಅವರಿಗೆ ಶಾಲು ಹೊದಿಸಿ, ಇನ್ನು ಮನೆಯಲ್ಲಿ ಸುಖವಾಗಿ ಇರಿ ಎಂದು ಹೇಳಿ ಕಳಿಸಬೇಕೆಂಬುದು ನನ್ನದೇ ವಿಚಾರ. ಬರುವ ಚುನಾವಣೆಗೆ ಒಂದನೇ ವಾರ್ಡು ಸಾಮಾನ್ಯ ಸ್ಥಾನವಾಗಿದೆ. ಅಲ್ಲಿ ನಾನು ನಿಲ್ಲುವವನಿದ್ದೇನೆ. ಯಾಕ ನಗತೀರಿ? ಬರಕೊಂಡು ಬಂದದ್ದರಾಗ ಹಂಗ ಐತಿ, ಓದತೇನಿ. ನಗ್ರಿ, ನಗ್ರಿ.

ಲಗಮವ್ವನವರನ್ನು ಅಧ್ಯಕ್ಷರನ್ನಾಗಿ ಮಾಡಿದವರು ಯಾರು? ನಾವು. ತೊಂಬತ್ಮೂರರಲ್ಲಿ ನಮ್ಮ ಪಂಚಾಯತಿಯ ಅಧ್ಯಕ್ಷಸ್ಥಾನ ಪರಿಶಿಷ್ಟ ಪಂಗಡದ ಮಹಿಳೆಗೆ ಎಂದು ಆದೇಶ ಬಂತು. ಊರಲ್ಲಿ ಆ ಪಂಗಡದ ಬ್ಯಾಡರ ಮನೆಗಳು ಹದಿನೆಂಟು. ನಾವು ಹಿರಿಯರು ಚಾವಡಿಯಲ್ಲಿ ಕುಳಿತು ಯೋಗ್ಯತೆ ನೋಡಿದೆವು. ಯಾವ ಯೋಗ್ಯತೆ? ನಮ್ಮ ಎದುರು ತಲೆ ಎತ್ತಬಾರದು, ಎರಡು ಮಾತಿಗೆ ಮೂರನೆಯದು ಆಡಬಾರದು. ಈ ಯೋಗ್ಯತೆಯಲ್ಲಿ ಲಗಮವ್ವ ಪಹಿಲಾ ನಂಬರ. ಗಂಡ ಮಲಕಾರಿ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ದುಡಿದು ಕೆಮ್ಮು ಹಚ್ಚಿಕೊಂಡು ಬಂದ ಮೇಲೆ, ತಳವಾರಕಿಯ ಕೆಲಸ ಈಕೆಯ ಪಾಲಿಗೆ ಬಂದಿತ್ತು. ಮನೆಮನೆಯ ಹೊಸ್ತಿಲ ಹೊರಗೆ ನಿಂತು, ನೆಲ ನೋಡುತ್ತ, “ಚಾವಡಿಗೆ ಕರದಾರ್ರಿ” ಎಂದು ಹೇಳಿ ಹೋಗುವುದು. ಅಷ್ಟೇ ಮಾತು, ಹದಿನೈದು ವರ್ಷ.

ಸರಿ, ಆಕೆಯನ್ನು ಆರಿಸಿದೆವು. ಆಕೆಗೆ ತಿಳಿಸಬೇಕಲ್ಲ, ಕರಕೊಂಡು ಬರಾಕ ಯಾರನ್ನ ಕಳಸೂದು? ಊರಾಗ ಕರಿಯೂ ಕೆಲಸ ಮಾಡಾಕಿನ ಆಕಿ! ಕೊನೆಗೆ ಪಂಚಾಯತಿ ಸೆಕ್ರೆಟರಿ ತಾನೇ ಹೋದ. ಬ್ಯಾಡರ ಓಣಿ ಯಾವ ಕಡೆ ಎಂದು ದಾರಿಯಲ್ಲಿ ಇಬ್ಬರನ್ನು ಕೇಳಿದನಂತೆ.

ಮೊದಲ ಆರು ತಿಂಗಳು ಆಡಳಿತ ಬಹಳ ಚೆನ್ನಾಗಿ ನಡೆಯಿತು. ಠರಾವುಗಳು ನಮ್ಮ ಪಡಸಾಲೆಯಲ್ಲಿ ಆಗುತ್ತಿದ್ದವು, ಅಧ್ಯಕ್ಷರು ಅಂಗಳದಲ್ಲಿ ಕುಳಿತಿರುತ್ತಿದ್ದರು. ಒಂದು ದಿನ ಮುಂಜಾನೆ ನಾನು ಚಹಾ ಕುಡಿಯುತ್ತಿದ್ದೆ. ಲಗಮವ್ವ ಎಂದಿನಂತೆ ಹೊಸ್ತಿಲ ಹೊರಗೆ ಬಂದು ನಿಂತಳು.

“ಪಾಟೀಲ್ರ, ನಾಳೆ ಗ್ರಾಮಸಭಾ ಐತ್ರಿ. ಚಾವಡಿಗೆ ಕರದಾರ್ರಿ.”

“ಯಾರ ಕರದಾರ ಬೇ?”

“ಅಧ್ಯಕ್ಷರು ಕರದಾರ್ರಿ.”

ನಾನು ಏನು ಹೇಳಿರಬಹುದು, ಹೇಳ್ರಿ ನೋಡೋಣು? “ಹೂಂ, ಪಾಟೀಲ್ರು ಬರ್ತಾರಂತ ಅಧ್ಯಕ್ಷರಿಗೆ ಹೇಳು” ಅಂದೆ! ಆಕೆ ಓಣಿ ತಿರುಗಿದ ಮೇಲೆ ಚಹಾ ನೆತ್ತಿಗೇರಿತು.

ಸಭೆಗೆ ಇಡೀ ಊರು ಬಂದಿತ್ತು. ತಳವಾರನ ಕರೆ ಬಂದರೆ ಹೋಗಲೇಬೇಕು, ಹೋಗದಿದ್ದರೆ ದಂಡ. ಆ ಕಟ್ಟಳೆ ಮಾಡಿದವರು ನಮ್ಮಜ್ಜ. ಅಂದಿನ ವಿಷಯ ಒಂದೇ, ಹೊಳೆಗೆ ಹೋಗುವ ದಾರಿ. ಆ ದಾರಿಯಲ್ಲಿ ನನ್ನ ಕಬ್ಬು ಬೆಳೆದಿತ್ತು. ಕಬ್ಬು ರೀ, ಅದಕ್ಕೇನು ಗೊತ್ತು, ದಾರಿ ಎಲ್ಲಿ ಮುಗಿತೈತಿ, ಹೊಲ ಎಲ್ಲಿ ಸುರು ಆಗತೈತಿ? ವರ್ಷಕ್ಕೆ ಒಂದೊಂದು ಸಾಲು ಸರಿದು ಹನ್ನೊಂದು ಸಾಲಾಗಿತ್ತು. ಹೆಣ್ಣುಮಕ್ಕಳು ಅರಿವೆ ಗಂಟು ಹೊತ್ತು ಒಂದು ಮೈಲಿ ಸುತ್ತು ಹಾಕುತ್ತಿದ್ದರು.

“ದಾರಿ ಬೇಕಾದವರು ಕೈ ಎತ್ರಿ” ಅಂದಳು ಲಗಮವ್ವ. ಅಂದರು. ತಪ್ಪಾತು, ಅಂದರು. ಮುಂದಿನ ಸಾಲಿನಲ್ಲೇ ಒಂದು ಕೈ ಮೇಲೆದ್ದಿತು, ಹಸಿರು ಬಳೆ, ನಾನೇ ಮೀರಜಿನಿಂದ ತಂದವು. ನಮ್ಮ ಮನೆಯವರು, ಜಿನಮತಿ! ಮನೆಗೆ ಬಂದು ಕೇಳಿದರೆ, “ನನಗೂ ಕಾಲ ನೋಯ್ತಾವ್ರಿ” ಅಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರ ಕಾಲು ನೋಯುತ್ತವೆ ಎಂದು ನನಗೆ ಗೊತ್ತೇ ಇರಲಿಲ್ಲ. ಆ ದಿನ ನನಗೆ ಬಂದದ್ದು ಸಿಟ್ಟು. ನಾಚಿಕೆ ಬಹಳ ತಡವಾಗಿ ಬಂತು. ಕಬ್ಬು ಕಡಿಸಿದೆ. ಈಗ ಆ ದಾರಿಯಲ್ಲಿ ಬಂಡಿ ಹೋಗುತ್ತದೆ.

ಬರೆದುಕೊಂಡು ಬಂದದ್ದು ಇಲ್ಲಿಗೆ ಮುಗಿಯಿತು. ಈಗ ನೀವು ಯಾಕೆ ನಕ್ಕಿರಿ ಎಂಬ ಮಾತಿಗೆ ಬರುತ್ತೇನೆ.

ಮೊನ್ನೆ ಈ ಸಮಾರಂಭಕ್ಕೆ ಊರವರನ್ನು ಕರೆಯಬೇಕಿತ್ತು. ಯಾರಿಗೆ ಹೇಳಿದೆ ನಾನು? “ಲಗಮವ್ವಾ, ಊರಿಗೆಲ್ಲಾ ಒಂದ ಮಾತ ಹೇಳಿ ಬಾರವಾ” ಅಂದೆ. ಆಕೆಯ ಸನ್ಮಾನಕ್ಕೆ ಆಕೆಯನ್ನೇ ಕರೆಯಲು ಕಳಿಸಿದೆ! ಹುಟ್ಟುಗುಣ ಯಾರದು, ನೀವೇ ಹೇಳ್ರಿ. ಆಕೆ ಎಲ್ಲ ಮನೆಗೂ ಹೋದಳು, ನಮ್ಮ ಅಡುಗೆಮನೆಗೂ ಹೋದಳು. ಏನು ಹೇಳಿದಳೆಂದು ನಾನು ಈ ವೇದಿಕೆ ಹತ್ತುವಾಗ ಜಿನಮತಿ ನನ್ನ ಕಿವಿಯಲ್ಲಿ ಹೇಳಿದರು. “ಅಧ್ಯಕ್ಷರು ಕರದಾರ್ರಿ. ಈ ಸಲ ಒಂದನೇ ವಾರ್ಡಿಗೆ ನಿಲ್ಲಾಕತ್ತಾರ. ಮೊದಲನೇ ಶಾಲು ಪಾಟೀಲ್ರ ಕೈಲೇ ಹೊದಿಸ್ಕೋತಾರ, ನೋಡಾಕ ಬರ್ರಿ.”

ಬಂದೀರಿ. ಒಬ್ಬರೂ ತಪ್ಪಿಸಿಲ್ಲ. ನಾನು ಮುಂದಿನ ತಿಂಗಳು ಪ್ರಚಾರಕ್ಕೆ ಕರೆದರೆ ಇದರ ಅರ್ಧ ಮಂದಿ ಬರ್ತೀರೇನು? ಬ್ಯಾಡ, ಉತ್ತರಾ ಹೇಳಬ್ಯಾಡ್ರಿ.

ಶಾಲು ಇಲ್ಲಿದೆ. ಕುರ್ಚಿ ಖಾಲಿ ಇದೆ. ಗುರುಗಳೇ, ಅವರನ್ನು ಕರಕೊಂಡು ಬರಲು ಯಾರನ್ನಾದರೂ ಕಳಿಸಿ ಎನ್ನುತ್ತಿದ್ದೀರಿ. ಯಾರನ್ನೂ ಕಳಿಸುವುದು ಬೇಡ. ಇಷ್ಟು ದಿನ ಕಳಿಸಿದ್ದು ಸಾಕು. ಎಲ್ಲರಿಗೂ ವಂದನೆ ಹೇಳಿ, ನಾನೇ ಕೆಳಗಿಳಿದು ಆ ಬಾಗಿಲಿಗೆ ಹೋಗುತ್ತೇನೆ. ಹೋಗಿ ಏನೆನ್ನಬೇಕು ಎಂಬುದು ನನಗೆ ಬಾಯಿಪಾಠ ಐತಿ. ಹುಟ್ಟಿದಾಗಿನಿಂದ ಕೇಳಿಕೋತ ಬಂದೇನಿ.

ನಮಸ್ಕಾರ್ರಿ. ಲಗಮವ್ವನವರ, ಮ್ಯಾಲ ಬರ್ರಿ. ಊರ ಕರದೈತ್ರಿ.